ದುರ್ಬೀನು ಇಳಿಸಿ ಶ್ವಾಸಕೋಶದ ತುಂಡು ತೆಗೆಯುವ ಡೇ-ಕೇರ್ ಸೇವೆ: ಕೈ ಚೊಕ್ಕ, ಕಳಿಸುವುದರಲ್ಲಿ ಅವಸರ

ಕಾರವಾರ, ಅಂಕೋಲಾ, ಶಿರಸಿ ಕಡೆಯ ಬಹಳ ಮಂದಿ ಬ್ರಾಂಕೋಸ್ಕೋಪಿ ಬಯಾಪ್ಸಿಗೆ (ಉಸಿರಿನ ದಾರಿಯಲ್ಲಿ ಸ್ಕೋಪ್ ಇಳಿಸಿ, ಪರೀಕ್ಷೆಗೆಂದು ಶ್ವಾಸಕೋಶದ ಚೂರು ತೆಗೆಯುವುದು) ಹುಬ್ಬಳ್ಳಿ, ಮಣಿಪಾಲ, ಮಂಗಳೂರು ಅಥವಾ ಗೋವಾ ದಾರಿ ಹಿಡಿಯುತ್ತಾರೆ. ಇಲ್ಲಿ ಬರೆಯುತ್ತಿರುವುದು ಘಟ್ಟದ ಮೇಲಿನ ಒಂದು ಖಾಸಗಿ ಆಸ್ಪತ್ರೆಯ ಡೇ-ಕೇರ್ ಸೇವೆಯ ಬಗ್ಗೆ. ಬೆಳಿಗ್ಗೆ ಬಂದು ಸಂಜೆ ಮನೆ ಸೇರಬಹುದು ಎಂಬುದೇ ಅವರು ಕೊಡುವ ದೊಡ್ಡ ಭರವಸೆ. ತುಂಡು ತೆಗೆಯುವ ಕೆಲಸಕ್ಕೆ ಐದಕ್ಕೆ ನಾಲ್ಕೂವರೆ ಕೊಡಬಹುದು. ಅದರ ಹಿಂದಿನ ತಯಾರಿಗೆ ಮೂರು, ಮುಂದಿನ ಆರೈಕೆಗೆ ಎರಡು.

ತಯಾರಿಯಲ್ಲಿ ಎಡವುವುದು ಒಂದೇ ಕಡೆ. ರಕ್ತ ತೆಳು ಮಾಡುವ ಮಾತ್ರೆ ಇದೆಯೇ ಎಂದು ಮುನ್ನಾದಿನ ಫೋನ್ ಮಾಡಿ ಕೇಳುತ್ತಾರೆ. ಅಷ್ಟೊತ್ತಿಗೆ ತಡವಾಗಿರುತ್ತದೆ. ಇಂಥ ಒಂದು ಮಾತ್ರೆಯಾದ ಕ್ಲೊಪಿಡೊಗ್ರೆಲ್ ತಾಗಿದ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) ಸಾಯುವ ತನಕ ಕೆಲಸಕ್ಕೆ ಬಾರದು. ಹೊಸವು ಸಾಕಷ್ಟು ಹುಟ್ಟಲು 5ರಿಂದ 7 ದಿನ ಬೇಕು. ಕಡಿಮೆ ಡೋಸಿನ ಆಸ್ಪಿರಿನ್ ಒಂದೇ ಇದ್ದರೆ ಸಾಮಾನ್ಯವಾಗಿ ನಿಲ್ಲಿಸಬೇಕಿಲ್ಲ. ಆದರೆ ಎರಡೂ ಸೇರಿದ ಮಾತ್ರೆಗಳು ಅಂಗಡಿಯಲ್ಲಿ ಧಾರಾಳವಾಗಿವೆ, 'ನಾನು ತಗೊಳ್ಳೋದು ಆಸ್ಪಿರಿನ್ ಮಾತ್ರ' ಎನ್ನುವವರ ಸ್ಟ್ರಿಪ್ಪಿನಲ್ಲಿ ಕ್ಲೊಪಿಡೊಗ್ರೆಲ್ ಕೂಡ ಇರಬಹುದು. ಬಾಯಿಮಾತು ಬಿಟ್ಟು ಸ್ಟ್ರಿಪ್ಪನ್ನೇ ತೋರಿಸಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು ಮಾತ್ರೆಯನ್ನು ತಾವಾಗಿ ನಿಲ್ಲಿಸಲೇಬಾರದು, ಹೃದ್ರೋಗದ ಡಾಕ್ಟರನ್ನು ಕೇಳಿಯೇ ಮುಂದುವರಿಯಬೇಕು. ಕಿಡ್ನಿ ಸರಿಯಿಲ್ಲದವರಲ್ಲಿ ಪ್ಲೇಟ್‌ಲೆಟ್ ಎಣಿಕೆ ಚೆನ್ನಾಗಿದ್ದರೂ ಅವು ಸರಿಯಾಗಿ ಅಂಟುವುದಿಲ್ಲ. ಇಲ್ಲಿ ಎಲ್ಲರಿಗೂ ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ನೋಡುತ್ತಾರೆ, ಅದು ಮೆಚ್ಚಬೇಕಾದ ವಿಷಯ.

ಉಪವಾಸದ ಬಗ್ಗೆ ನಮ್ಮ ಕಡೆಯವರಿಗೆ ಒಂದು ಮಾತು: ಹಾಲು ಹಾಕಿದ ಬೆಳಗಿನ ಕಷಾಯ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ಅದು ಊಟದ ಲೆಕ್ಕ, ಆರು ತಾಸು ಬಿಡಬೇಕು. ಬರೀ ನೀರಾದರೆ ಎರಡು ತಾಸು ಸಾಕು.

ಒಳಗಿನ ಕೆಲಸ ನಿಜಕ್ಕೂ ಅಚ್ಚುಕಟ್ಟು. ಗೋಡೆಯ ಬಿಳಿ ಹಲಗೆಯ ಮೇಲೆ ರೋಗಿಯ ತೂಕ, ಅದರ ಕೆಳಗೆ ಗಂಟಲು, ಶ್ವಾಸನಾಳ ಜೋಮು ಹಿಡಿಸುವ ಮದ್ದಾದ ಲಿಗ್ನೊಕೇನ್ ಮಿತಿ ಬರೆದಿರುತ್ತದೆ. ಕಿಲೊಗೆ 8 ಮಿ.ಗ್ರಾಂ ಹಿಡಿದರೆ 50 ಕಿಲೊದವರಿಗೆ 400 ಮಿ.ಗ್ರಾಂ, ಅಂದರೆ 2% ದ್ರಾವಣ 20 ಮಿ.ಲೀ. ಗಂಟಲಿಗೆ ಹೊಡೆಯುವ 10% ಸ್ಪ್ರೇಯ ಒಂದೊಂದು ಪಫ್‌ಗೂ 10 ಮಿ.ಗ್ರಾಂ ಕಳೆಯುತ್ತಾರೆ. ಎಷ್ಟೋ ಕಡೆ ಈ ಸ್ಪ್ರೇ ಲೆಕ್ಕಕ್ಕೇ ಬರುವುದಿಲ್ಲ. ಮಿತಿ ಮೀರಿದರೆ ತುಟಿ ಜುಮ್ಮೆನ್ನುವುದರಿಂದ ಹಿಡಿದು ಫಿಟ್ಸ್, ಹೃದಯದ ಬಡಿತ ತಪ್ಪುವ ತನಕ ಹೋಗಬಹುದು.

ನಿದ್ದೆಯ ಮದ್ದು ಹಗುರ. ಅದಕ್ಕೆ ಕಾರಣವಿದೆ. ಶ್ವಾಸಕೋಶಕ್ಕೆ ನೋವು ಗೊತ್ತಾಗುವುದಿಲ್ಲ, ಅದರ ಸುತ್ತಲಿನ ಪೊರೆಯ ಹತ್ತಿರ ಹೋದರೆ ಗೊತ್ತಾಗುತ್ತದೆ. ತುಂಡು ಕೀಳುವ ಇಕ್ಕಳವನ್ನು ಸಿ-ಆರ್ಮ್ (ಚಲಿಸುವ ಎಕ್ಸ್‌ರೇ ಚಿತ್ರ ತೋರಿಸುವ ಯಂತ್ರ) ಪರದೆಯಲ್ಲಿ ನೋಡುತ್ತ ತಡೆ ಸಿಗುವವರೆಗೆ ಒಯ್ದು, ಒಂದೆರಡು ಸೆಂ.ಮೀ. ಹಿಂದೆ ತಂದು, ರೋಗಿ ಉಸಿರು ಎಳೆದಾಗ ಇಕ್ಕಳದ ಬಾಯಿ ತೆರೆದು ಮುಂದೆ ತಳ್ಳಿ, ಉಸಿರು ಬಿಟ್ಟ ಮೇಲೆ ಮುಚ್ಚುತ್ತಾರೆ. ಆ ಗಳಿಗೆಯಲ್ಲಿ ಎದೆ ಅಥವಾ ಭುಜ ನೋಯುತ್ತಿದೆ ಎಂದು ರೋಗಿ ಕೈ ಎತ್ತಿದರೆ ಎಳೆಯದೆ ಬಿಟ್ಟು ಬೇರೆ ಜಾಗ ಹಿಡಿಯುತ್ತಾರೆ. ಒಂದು ದಿನಕ್ಕೆ ಒಂದೇ ಬದಿ. ಎರಡೂ ಕಡೆ ಗಾಳಿ ಸೋರಿದರೆ ಜೀವಕ್ಕೇ ಕುತ್ತು.

ತುಂಡು ಬಂದ ಮೇಲೆ ಸ್ಕೋಪನ್ನು ಆ ಕವಲಿನಲ್ಲೇ ಬಿರಡೆಯಂತೆ ಒತ್ತಿ ಹಿಡಿದು, ರಕ್ತ ಹೆಪ್ಪುಗಟ್ಟುವವರೆಗೆ ಕಾಯುತ್ತಾರೆ. ತಂಪು ಸಲೈನ್, ಅಡ್ರಿನಲಿನ್, ನಾಳ ಮುಚ್ಚುವ ಬಲೂನು ಟ್ರೇಯಲ್ಲೇ ಸಿದ್ಧ. ಹೆಚ್ಚು ಬಂದರೆ ರಕ್ತ ಬರುವ ಬದಿ ಕೆಳಗಾಗುವಂತೆ ಮಗ್ಗುಲು ಮಲಗಿಸಬೇಕು, ಒಳ್ಳೆಯ ಬದಿ ಉಳಿಯಲಿ ಎಂದು. ಇಲ್ಲಿ ಜೀವ ಹೋಗುವುದು ರಕ್ತ ಕಡಿಮೆಯಾಗಿ ಅಲ್ಲ, ಉಸಿರಿನ ದಾರಿ ತುಂಬಿ. ಶ್ವಾಸನಾಳಗಳ ಒಳಗಿನ ಜಾಗವೆಲ್ಲ ಸೇರಿದರೂ ಸುಮಾರು 150 ಮಿ.ಲೀ., ಒಂದು ಲೋಟ ಚಹಾದಷ್ಟು.

ಶೀಶೆಗಳನ್ನು ನೋಡಿದರೆ ಕೆಲಸ ಬಲ್ಲವರು ಯಾರೆಂದು ತಿಳಿಯುತ್ತದೆ. ನಾಲ್ಕರಿಂದ ಆರು ತುಂಡು, ಒಂದೊಂದೂ ಒಂದೆರಡು ಮಿ.ಮೀ. ಪೆಥಾಲಜಿಗೆ ಹೋಗುವುದು ಫಾರ್ಮಲಿನ್‌ಗೆ (ತುಂಡು ಕೆಡದಂತೆ ಇಡುವ ದ್ರಾವಣ). ಕ್ಷಯದ ಅನುಮಾನವಿದ್ದರೆ ಬೇರೆ ತುಂಡು ಬರೀ ಸಲೈನ್‌ಗೆ. ಎಲ್ಲವನ್ನೂ ಫಾರ್ಮಲಿನ್‌ಗೆ ಹಾಕಿದರೆ ಕ್ಷಯದ ಕ್ರಿಮಿ ಸತ್ತು ಕಲ್ಚರ್ (ಕ್ರಿಮಿ ಬೆಳೆಸಿ ನೋಡುವ ಪರೀಕ್ಷೆ) ಬೆಳೆಯುವುದಿಲ್ಲ, ಮತ್ತೆ ಬಯಾಪ್ಸಿಯ ಮಾತು ಬರುತ್ತದೆ. ಇಲ್ಲಿ ಎರಡಕ್ಕೂ ಬೇರೆ ಬಣ್ಣದ ಚೀಟಿ ಅಂಟಿಸಿರುತ್ತಾರೆ.

ಇಷ್ಟು ಚೆನ್ನಾಗಿ ಮಾಡಿ, ಆಮೇಲೆ ಅವಸರ ಪಡುವುದು ಬೇಸರ ತರಿಸುತ್ತದೆ. ಎಕ್ಸ್‌ರೇ ಹದಿನೈದು ನಿಮಿಷದೊಳಗೆ ಮುಗಿದಿರುತ್ತದೆ. ಪುಪ್ಪುಸದ ಹೊರಗೆ ಗಾಳಿ ಸೇರುವ ನ್ಯೂಮೋಥೊರಾಕ್ಸ್ ಇಂಥ ಬಯಾಪ್ಸಿಯಲ್ಲಿ ನೂರಕ್ಕೆ ಒಂದರಿಂದ ಆರು ಮಂದಿಗೆ ಆಗುತ್ತದೆ, ಗಾಳಿ ನಿಧಾನಕ್ಕೂ ಸೇರಬಹುದು. ಒಂದು ತಾಸು ಬಿಟ್ಟು ತೆಗೆದ ಚಿತ್ರಕ್ಕೆ ಹೆಚ್ಚು ಬೆಲೆ. ಸಣ್ಣದಾದರೆ ಆಮ್ಲಜನಕ ಕೊಟ್ಟು ಕಾದರೆ ಸಾಕು, ದೊಡ್ಡದಕ್ಕೆ ಎದೆಗೆ ಟ್ಯೂಬ್ ಬೇಕು. ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿಯುವಾಗ ಎದೆ ಬಿಗಿದರೆ ಆ ಟ್ಯೂಬ್ ಹಾಕುವವರು ಯಾರು? ಹುಬ್ಬಳ್ಳಿಯ ಊರೊಳಗಿನವರಿಗೆ ಸಂಜೆಯ ಡಿಸ್ಚಾರ್ಜ್ ಸರಿ, ಕಾರವಾರದವರಿಗೆ ಅಲ್ಲ. ಕ್ರಯೋ ಬಯಾಪ್ಸಿ (ತುಂಡನ್ನು ಹೆಪ್ಪುಗಟ್ಟುವಷ್ಟು ತಣ್ಣಗೆ ಮಾಡಿ ತೆಗೆಯುವುದು) ಮಾಡಿಸಿಕೊಂಡವರನ್ನು ಇದೇ ಆಸ್ಪತ್ರೆ ರಾತ್ರಿ ಉಳಿಸಿಕೊಳ್ಳುತ್ತದೆ. ಅದರಲ್ಲಿ ತುಂಡು ದೊಡ್ಡದು, ರಕ್ತ ಮತ್ತು ಗಾಳಿಯ ತೊಂದರೆಯೂ ಹೆಚ್ಚು. ದೂರದಿಂದ ಬಂದವರಿಗೂ ಅದೇ ನಿಯಮ ಬೇಕು.

ಡಿಸ್ಚಾರ್ಜ್ ಹಾಳೆಯಲ್ಲಿ ಒಂದು ಸಾಲೂ ಕನ್ನಡವಿಲ್ಲ, ಹಾಗಾಗಿ ಇಲ್ಲೇ ಹೇಳುತ್ತೇವೆ. ಗಂಟಲಿನ ಜೋಮು ಬಿಡುವವರೆಗೆ, ಎರಡು ತಾಸಾದರೂ ಏನೂ ನುಂಗಬೇಡಿ. ಆಮೇಲೆ ಮೊದಲು ಒಂದು ಗುಟುಕು ನೀರು, ಕೆಮ್ಮು ಬರದಿದ್ದರೆ ಗಂಜಿ. ಸಂಜೆ ಸ್ವಲ್ಪ ಜ್ವರ ಬರಬಹುದು, ಮರುದಿನವೂ ಇಳಿಯದಿದ್ದರೆ ತೋರಿಸಿ. ಕಫದಲ್ಲಿ ರಕ್ತದ ಎಳೆ ಒಂದೆರಡು ದಿನ ಇದ್ದೀತು. ಚಮಚಗಟ್ಟಲೆ ಬಂದರೆ, ಹಠಾತ್ತನೆ ಎದೆನೋವು ಅಥವಾ ದಮ್ಮು ಹತ್ತಿದರೆ, ಬೆಳಗಾಗಲಿ ಎಂದು ಕಾಯಬೇಡಿ. ಎರಡು ದಿನ ಕವಳ ಹಾಕಬೇಡಿ, ಉಗುಳಿದ್ದೆಲ್ಲ ಕೆಂಪಾದರೆ ರಕ್ತ ಯಾವುದೆಂದು ಮನೆಯವರಿಗೂ ತಿಳಿಯುವುದಿಲ್ಲ, ಡಾಕ್ಟರಿಗೂ ತಿಳಿಯುವುದಿಲ್ಲ.

ದಿನ ಗೊತ್ತು ಮಾಡುವಾಗಲೇ ಬೆಳಗಿನ ಮೊದಲ ಪಾಳಿ ಕೇಳಿ, ರಾತ್ರಿಗೊಂದು ಬೆಡ್ ಹೇಳಿಡಿ, ಎಕ್ಸ್‌ರೇ ಒಂದು ತಾಸಿನ ನಂತರವೇ ಆಗಬೇಕೆಂದು ಹೇಳಿ. ಕೇಳಿದವರಿಗೆ ಈ ಮೂರನ್ನೂ ಅವರು ಕೊಡುತ್ತಾರೆ.