ನಿಮ್ಮದಲ್ಲದ ಸಾಲಕ್ಕೆ ಒಂದು ರೂಪಾಯಿಯನ್ನೂ ಕಟ್ಟಬೇಡಿ, ನಾನು ಕಟ್ಟಿ ಕೆಟ್ಟೆ

ಪೂರ್ತಿ ಓದುವ ತಾಳ್ಮೆ ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಪ್ಯಾನ್ ಕಾರ್ಡ್ ಇಟ್ಟುಕೊಂಡು ಬೇರೆ ಯಾರೋ ಸಾಲ ತೆಗೆದಿದ್ದಾರೆ ಅಂತ ಗೊತ್ತಾದರೆ, ರಿಕವರಿಯವರು ಎಷ್ಟೇ ಕಾಡಲಿ, ಎಷ್ಟೇ ನಯವಾಗಿ ಮಾತಾಡಲಿ, ಒಂದು ಪೈಸೆ ಕಟ್ಟಬೇಡಿ. ನಾನು ₹2,300 ಕಟ್ಟಿದೆ. ಆ ₹2,300 ನನ್ನ ಏಳು ತಿಂಗಳು ತಿಂದಿತು.

ಗೊತ್ತಾಗಿದ್ದು ಹೋಮ್ ಲೋನ್‌ಗೆ ಹೋದಾಗ. ಪೇಪರೆಲ್ಲ ತೆಗೆದುಕೊಂಡು ಎರಡು ದಿನ ಬಿಟ್ಟು ಬನ್ನಿ ಅಂದಿದ್ದ ಮ್ಯಾನೇಜರ್, ಹೋದ ಕೂಡಲೇ ಕಂಪ್ಯೂಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. "ಸಿಬಿಲ್ ಸ್ಕೋರ್ 581 ಇದೆ ಮೇಡಂ. ಎರಡು ಪರ್ಸನಲ್ ಲೋನ್ ಓವರ್‌ಡ್ಯೂ ಇದೆಯಲ್ಲ, ಯಾಕೆ ಹೇಳಲಿಲ್ಲ?" ಪಕ್ಕದಲ್ಲಿ ನಮ್ಮ ಯಜಮಾನರು ಕೂತಿದ್ದರು. ಅವರು ತಿರುಗಿ ನನ್ನ ಮುಖ ನೋಡಿದರು, ಏನೂ ಕೇಳಲಿಲ್ಲ. ಕೇಳಿದ್ದರೇ ವಾಸಿ ಇತ್ತು.

ಮನೆಗೆ ಬಂದು ರಿಪೋರ್ಟ್ ತೆಗೆದೆ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್, ಯಾರ ಸಾಲ ಎಷ್ಟು ಅಂತ ಲೆಕ್ಕ ಇಡುವ ಈ ನಾಲ್ಕೂ ಕ್ರೆಡಿಟ್ ಬ್ಯೂರೋ ಕಂಪನಿಗಳು ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ಬಿಟ್ಟಿ ಕೊಡಬೇಕು ಅಂತ 2017ರಿಂದ ನಿಯಮ ಇದೆ. ನಾನು ಒಂದು ವರ್ಷವೂ ತೆಗೆದವಳಲ್ಲ. ಸಾಲವೇ ಇಲ್ಲದವಳಿಗೆ ಸ್ಕೋರ್ ಯಾಕೆ ಅಂತ ಅಸಡ್ಡೆ. ಅದರಲ್ಲಿ ಒಂದು ₹42,000, ಇನ್ನೊಂದು ₹18,500. ಎರಡೂ ಮೊಬೈಲ್ ಆ್ಯಪ್ ಸಾಲ, ಕಂಪನಿ ಬೇರೆ ಬೇರೆ. ಹೆಸರು ನನ್ನದು, ಪ್ಯಾನ್ ನನ್ನದು, ಹುಟ್ಟಿದ ತಾರೀಖು ನನ್ನದು. ಫೋನ್ ನಂಬರ್ ಯಾರದೋ. ವಿಳಾಸ ನಾನು ಯಾವತ್ತೂ ಕಾಲಿಡದ ಊರಿನದು.

ಸಣ್ಣ ಸಾಲದ ಕಂಪನಿಗೆ ಫೋನ್ ಮಾಡಿದೆ. ಹುಡುಗಿ ಬಹಳ ವಿನಯದಿಂದ, "ಮೇಡಂ, ನೀವು ರಿಜಿಸ್ಟರ್ಡ್ ನಂಬರ್‌ನಿಂದ ಕಾಲ್ ಮಾಡ್ಬೇಕು" ಅಂದಳು. ಆ ನಂಬರ್ ಕಳ್ಳನದಮ್ಮಾ ಅಂದೆ. "ಸರಿ ಮೇಡಂ, ಹಾಗಾದ್ರೆ ಆ ನಂಬರ್‌ಗೆ ಓಟಿಪಿ ಕಳಿಸ್ತೀನಿ, ಹೇಳಿ." ಯಾರಿಗೆ ಹೇಳಲಿ? ಕಳ್ಳನಿಗೆ ಫೋನ್ ಮಾಡಿ, ಅಪ್ಪಾ ಒಂದು ಓಟಿಪಿ ಬರುತ್ತೆ, ಸ್ವಲ್ಪ ಹೇಳು ಅಂತ ಕೇಳಲಾ? ಅದನ್ನೇ ಅವಳಿಗೂ ಹೇಳಿದೆ. "ನಿಮ್ಮ ಸುರಕ್ಷತೆಗೇ ಈ ನಿಯಮ ಮೇಡಂ" ಅಂದಳು. ಒಟ್ಟು ಆರು ಸಲ ಫೋನ್ ಮಾಡಿದ್ದೇನೆ. ಆರು ಸಲವೂ ನನ್ನ ಸುರಕ್ಷತೆಗೇ.

ಕೊನೆಗೆ ಎರಡೂ ಕಂಪನಿಗೆ ಮೇಲ್ ಬರೆದು, ಕೆಳಗೆ ನನ್ನ ನಂಬರ್ ಹಾಕಿದೆ. ಅಲ್ಲಿ ನೋಡಿ ಯಡವಟ್ಟಾಗಿದ್ದು. ಅಲ್ಲಿಯವರೆಗೆ ನನ್ನ ನಂಬರ್ ಅವರ ಹತ್ತಿರ ಇರಲೇ ಇಲ್ಲ. ಮೂರನೇ ದಿನ ಸಣ್ಣ ಸಾಲದ ಕಡೆಯಿಂದ ಉತ್ತರದ ಬದಲು ರಿಕವರಿಯವನ ಫೋನ್ ಬಂತು. ರಾತ್ರಿ ಒಂಬತ್ತು ಇಪ್ಪತ್ತಕ್ಕೆ. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ಮೇಲೆ ವಸೂಲಿಗೆ ಫೋನ್ ಮಾಡಬಾರದು ಅಂತ ರಿಸರ್ವ್ ಬ್ಯಾಂಕ್ ಹೇಳಿದೆ ಅನ್ನೋದು ನನಗೆ ಗೊತ್ತಾಗಿದ್ದು ಬಹಳ ಆಮೇಲೆ.

ಬೈದಿದ್ದರೆ ನಾನೂ ಬೈದು ಇಡುತ್ತಿದ್ದೆ. ಅವನು ಅಕ್ಕಾ ಅಂದ. "ಅಕ್ಕಾ, ಇದು ಫ್ರಾಡ್ ಅಂತ ನನಗೂ ಗೊತ್ತಾಗ್ತಿದೆ. ಒಂದು ಕಂತು ಹಾಕ್ಬಿಡಿ ಸಾಕು, ಫೈಲ್ ಹೋಲ್ಡ್‌ಗೆ ಹೋಗುತ್ತೆ. ಅಷ್ಟರಲ್ಲಿ ನಿಮ್ಮ ಕಂಪ್ಲೇಂಟ್ ನೋಡ್ತಾರೆ. ಇಲ್ಲಾಂದ್ರೆ ನಾಳೆ ನಮ್ಮ ಹುಡುಗ್ರು ಆಫೀಸಿಗೇ ಬರ್ತಾರೆ, ನಿಮಗ್ಯಾಕೆ ಮುಜುಗರ?" ಮೇಲ್‌ನಲ್ಲಿ ನಂಬರ್ ಜೊತೆ ಆಫೀಸಿನ ಹೆಸರೂ ಇತ್ತಲ್ಲ. ಯಜಮಾನರು ಒಳಗೆ ಮಲಗಿದ್ದರು. ನಾನು ಅಡುಗೆಮನೆಯಲ್ಲಿ ದೀಪ ಹಾಕದೆ ನಿಂತುಕೊಂಡು ₹2,300 ಕಳಿಸಿದೆ. ಪೀಡೆ ತೊಲಗಲಿ ಅಂತ. ಲಿಂಕ್ ನಕಲಿ ಏನಲ್ಲ, ದುಡ್ಡು ನೆಟ್ಟಗೆ ಆ ಸಾಲದ ಖಾತೆಗೇ ಹೋಯಿತು.

ಹತ್ತು ದಿನ ಬಿಟ್ಟು ಕಂಪನಿಯ ಮೇಲ್ ಬಂತು. ಇಂಗ್ಲಿಷ್‌ನಲ್ಲಿ ನಾಲ್ಕೇ ಸಾಲು. ಸಾಲಗಾರರು ಸ್ವತಃ ಕಂತು ಕಟ್ಟಿದ್ದಾರೆ, ಹಾಗಾಗಿ ಸಾಲ ಒಪ್ಪಿಕೊಂಡಂತಾಯಿತು, ದೂರು ಮುಕ್ತಾಯ. ಕೈ ನಡುಗುತ್ತಿತ್ತು. ಮತ್ತೆ ಫೋನ್ ಮಾಡಿದರೆ ಈ ಸಲ ಒಬ್ಬ ಹುಡುಗ. "ನಿಮ್ಮದಲ್ಲದ ಸಾಲಕ್ಕೆ ನೀವ್ಯಾಕೆ ದುಡ್ಡು ಕಟ್ಟಿದ್ರಿ ಮೇಡಂ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿಗೂ ಇಲ್ಲ. ಓದಿದವಳು, ದಿನಾ ಲೆಕ್ಕಪತ್ರ ನೋಡುವ ಕೆಲಸದವಳು, ಯಾರೋ ಅಕ್ಕಾ ಅಂದಿದ್ದಕ್ಕೆ ಕಟ್ಟಿಬಿಟ್ಟೆ.

ಆಮೇಲೆ ಬುದ್ಧಿ ಬಂತು. ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಹಾಕಿ, ಪ್ರಿಂಟ್ ಹಿಡಿದುಕೊಂಡು ಸೈಬರ್ ಅಪರಾಧ ನೋಡುವ ಸೆನ್ ಪೊಲೀಸ್ ಠಾಣೆಗೆ ಹೋದೆ. ಐಟಿ ಕಾಯ್ದೆಯ 66ಸಿ ಇದಕ್ಕೇ ಇರುವ ಸೆಕ್ಷನ್, ಮೂರು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ. ಎಫ್‌ಐಆರ್ ಪ್ರತಿ ಲಗತ್ತಿಸಿ, ಸಾಲದ ಕಾಗದ ಪೂರ್ತಿ ಕಳಿಸಿ ಅಂತ ಬರೆದ ಮೇಲೆ ಕಂಪನಿಯವರ ದನಿ ಬದಲಾಯಿತು. ಹದಿನಾಲ್ಕು ಪುಟದ ಪಿಡಿಎಫ್ ಬಂತು.

ಮೂರನೇ ಪುಟದಲ್ಲಿ ನನ್ನ ಹೆಸರು, ಅದರ ಕೆಳಗೆ ಸೆಲ್ಫಿ. ಗಡ್ಡ ಬಿಟ್ಟ ಹುಡುಗನೊಬ್ಬನದು! ಯಾರೂ ನೋಡಲಿಲ್ಲವಾ ಅಂತ ಕೇಳಿದ್ದಕ್ಕೆ, "ಸಿಸ್ಟಮ್ ಅಪ್ರೂವ್ ಮಾಡಿದೆ ಮೇಡಂ." ನಗು ಬಂತು. ಐದನೇ ಪುಟಕ್ಕೆ ಬಂದಾಗ ನಗು ನಿಂತುಹೋಯಿತು. ಅಲ್ಲಿದ್ದದ್ದು ನನ್ನ ಪ್ಯಾನ್ ಕಾರ್ಡ್‌ನ ಜೆರಾಕ್ಸ್, ಅದರ ಮೇಲೆ ನಾನೇ ಮಾಡಿದ ಸಹಿ. ನಾನು ಕನ್ನಡದಲ್ಲಿ ಸಹಿ ಮಾಡುವುದು. ಕೊನೆಯ ಅಕ್ಷರದ ಹತ್ತಿರ ಪೆನ್ ಸೋರಿ ಆಗಿದ್ದ ಕಲೆ, ಕೆಳಗೆ ತಾರೀಖು. ಹಳೇ ಬಾಡಿಗೆ ಮನೆಗೆ ಸೇರಿಕೊಂಡ ವಾರದ ತಾರೀಖು ಅದು. ಅಗ್ರಿಮೆಂಟ್‌ಗೆ ಅಂತ ಬ್ರೋಕರ್ ಕೈಯಲ್ಲಿ ನಾನೇ ಕೊಟ್ಟಿದ್ದ ಪ್ರತಿ.

ಅವನೇ ಮಾಡಿದ ಅಂತ ಹೇಳಲಾರೆ, ಅದನ್ನು ಪೊಲೀಸರು ನೋಡಲಿ. ಆದರೆ ಅವನು ಕೊಟ್ಟ ಉತ್ತರ ಕೇಳಿ. "ಎರಡು ವರ್ಷದ ಹಿಂದಿನ ಪೇಪರ್ ನಾನೆಲ್ಲಿ ಇಟ್ಕೊಂಡಿರ್ತೀನಿ ಮೇಡಂ? ರದ್ದಿಗೆ ಹೋಗಿರುತ್ತೆ." ರದ್ದಿಗೆ! ನನ್ನ ಫೋಟೋ, ಸಹಿ, ಪ್ಯಾನ್ ನಂಬರ್, ಎಲ್ಲ ಕೆಜಿ ಲೆಕ್ಕದಲ್ಲಿ.

ಒಂದು ಸಾಲು ಬರೆದಿದ್ದರೆ ಸಾಕಿತ್ತು. ಜೆರಾಕ್ಸ್ ಮೇಲೆ ಅಡ್ಡವಾಗಿ, ಫೋಟೋಗೂ ನಂಬರ್‌ಗೂ ತಾಗುವ ಹಾಗೆ, "ಬಾಡಿಗೆ ಕರಾರಿಗೆ ಮಾತ್ರ" ಅಂತ. ಆಧಾರ್ ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಸಿಗುತ್ತೆ, ಅದನ್ನೇ ಕೊಡಿ. ದೂರನ್ನು ಸಾಲ ಕೊಟ್ಟ ಕಂಪನಿಗೂ ಹಾಕಿ, ಕ್ರೆಡಿಟ್ ಬ್ಯೂರೋಗೂ ಹಾಕಿ, ಎಲ್ಲ ಬರಹದಲ್ಲೇ ಇರಲಿ. ಮೂವತ್ತು ದಿನದಲ್ಲಿ ಇತ್ಯರ್ಥ ಮಾಡದಿದ್ದರೆ ದಿನಕ್ಕೆ ₹100 ಪರಿಹಾರ ಕೊಡಬೇಕು ಅಂತ 2024ರ ಏಪ್ರಿಲ್‌ನಿಂದ ನಿಯಮ ಇದೆ. ಅದನ್ನು ಮೇಲ್‌ನಲ್ಲಿ ಬರೆಯಿರಿ, ಬೇಗ ಓದುತ್ತಾರೆ. ಆಗಲೂ ಜಗ್ಗದಿದ್ದರೆ ಇಂಥ ದೂರು ಕೇಳೋಕೆ ರಿಸರ್ವ್ ಬ್ಯಾಂಕ್ ಓಂಬುಡ್ಸ್‌ಮನ್ ಇದ್ದಾರೆ. ಇನ್ನು ಅಕ್ಕಾ ಅನ್ನುವವನ ಫೋನನ್ನು ದಯವಿಟ್ಟು ಇಟ್ಟುಬಿಡಿ.

₹42,000ದ ಸಾಲ, ಅಂದರೆ ದೊಡ್ಡದು, ಇಪ್ಪತ್ತಾರು ದಿನದಲ್ಲಿ ರಿಪೋರ್ಟ್‌ನಿಂದ ಹೋಯಿತು. ಅದಕ್ಕೆ ನಾನು ಬಿಡಿಗಾಸೂ ಕಟ್ಟಿರಲಿಲ್ಲ. ಕಂತು ಕಟ್ಟಿದ ಸಣ್ಣದಕ್ಕೆ ಏಳು ತಿಂಗಳು, ಓಂಬುಡ್ಸ್‌ಮನ್‌ವರೆಗೂ ಹೋಗಬೇಕಾಯಿತು. ಪ್ರತಿ ಸುತ್ತಿನಲ್ಲೂ ಅದೇ ಮಾತು, ನೀವೇ ಕಟ್ಟಿದ್ದೀರಲ್ಲ. ನೋಡಿದ್ದ ಮನೆ ಅಷ್ಟರಲ್ಲಿ ಬೇರೆಯವರ ಪಾಲಾಯಿತು.

ಕಳೆದ ವಾರ ಆ ಸಾಲವೂ ರಿಪೋರ್ಟ್‌ನಿಂದ ಹೋಯಿತು. ಸರಿ, ಇನ್ನಾದರೂ ನನ್ನ ₹2,300 ವಾಪಸ್ ಕೊಡಿ ಅಂತ ಫೋನ್ ಮಾಡಿದೆ. ಅದೇ ವಿನಯದ ಹುಡುಗಿ. ಸ್ವಲ್ಪ ಹೊತ್ತು ಕೀಬೋರ್ಡ್ ಕುಟ್ಟುವ ಸದ್ದು.

"ಮೇಡಂ, ನಿಮ್ಮ ಹೆಸರಲ್ಲಿ ನಮ್ಮಲ್ಲಿ ಯಾವ ಲೋನೂ ಇಲ್ವಲ್ಲ. ಯಾವ ದುಡ್ಡು ವಾಪಸ್ ಕೊಡೋದು?"