ಮೂರ್ಛೆ ಪತ್ತೆಹಚ್ಚುವ ಬ್ಯಾಂಡ್: ಟೆಂಪೊರಲ್ ಲೋಬ್ ಎಪಿಲೆಪ್ಸಿ ಇರುವವರಿಗೆ ಎಷ್ಟು ಉಪಯುಕ್ತ?

ಟೆಂಪೊರಲ್ ಲೋಬ್ ಎಪಿಲೆಪ್ಸಿ (ಮಿದುಳಿನಲ್ಲಿ ಕಿವಿಯ ಬದಿಗಿರುವ ಟೆಂಪೊರಲ್ ಲೋಬ್ ಎಂಬ ಭಾಗದಲ್ಲಿ ಹುಟ್ಟುವ ಅಪಸ್ಮಾರ) ಇರುವವರು ಮಣಿಕಟ್ಟಿಗೆ ಕಟ್ಟುವ ಮೂರ್ಛೆ ಪತ್ತೆ ಬ್ಯಾಂಡನ್ನು ಕೊಳ್ಳಬೇಕೇ ಎಂದು ಯಾರಾದರೂ ಕೇಳಿದರೆ, ಕೊಳ್ಳಿ ಎಂದೇ ನಾನು ಹೇಳುತ್ತೇನೆ. ಆದರೆ ಜಾಹೀರಾತಿನಲ್ಲಿ ಎದ್ದು ಕಾಣುವ ಸ್ವಯಂಚಾಲಿತ ಪತ್ತೆಗಿಂತ, ಬಳಕೆಯ ಕೈಪಿಡಿಯಲ್ಲಿ ಒಂದೆರಡು ಸಾಲಿನಲ್ಲಿ ಮುಗಿದುಹೋಗುವ ಅದರ ಅಂಚಿನ ಚಿಕ್ಕ ಬಟನ್ನೇ ನಮ್ಮಂಥವರಿಗೆ ಹೆಚ್ಚು ಬೆಲೆಬಾಳುತ್ತದೆ. ಈ ಕಾಯಿಲೆಯೊಂದಿಗೆ ಬಹುಕಾಲದಿಂದ ಬಾಳುತ್ತಿರುವ ನಾನು ಹಗಲೂ ರಾತ್ರಿಯೂ ಇಂಥ ಬ್ಯಾಂಡನ್ನು ಧರಿಸುತ್ತಿದ್ದೇನೆ.

ಸಾಧನದ ಕೆಲಸ ಸರಳವಾದುದು. ಒಳಗಿನ ಒಂದು ಸೆನ್ಸರ್ ಕೈಯ ಚಲನೆಯನ್ನು ಅಳೆಯುತ್ತದೆ. ಕೆಲವು ಮಾದರಿಗಳು ನಾಡಿಬಡಿತವನ್ನೂ, ಬೆವರಿನಿಂದ ಚರ್ಮದ ವಿದ್ಯುತ್ ವಾಹಕತೆಯಲ್ಲಿ ಆಗುವ ಏರುಪೇರನ್ನೂ ಗಮನಿಸುತ್ತವೆ. ಮೈಯೆಲ್ಲ ಸೆಟೆದು ಕೈಕಾಲು ಲಯಬದ್ಧವಾಗಿ ಬಡಿದುಕೊಳ್ಳುವ ದೊಡ್ಡ ಫಿಟ್ಸ್ ಬಂದಾಗ ಬ್ಯಾಂಡ್ ಮೊದಲು ತಾನೇ ಕಂಪಿಸುತ್ತದೆ. ಧರಿಸಿದವರು ಕೆಲವು ಸೆಕೆಂಡುಗಳೊಳಗೆ ಅದನ್ನು ರದ್ದು ಮಾಡದಿದ್ದರೆ, ಮೊಬೈಲಿನ ಮೂಲಕ ಮನೆಯವರಿಗೆ ಕರೆಯೋ ಸಂದೇಶವೋ ಹೋಗುತ್ತದೆ. ಈ ಒಂದು ಕೆಲಸದ ಮಟ್ಟಿಗೆ ಬ್ಯಾಂಡ್ ನಂಬಿಕೆಗೆ ಅರ್ಹವಾಗಿದೆ. ಅಂತರರಾಷ್ಟ್ರೀಯ ಅಪಸ್ಮಾರ ವಿರೋಧಿ ಸಂಘ ಪಾಲುಗೊಂಡು 2021ರಲ್ಲಿ ಹೊರತಂದ ಮಾರ್ಗಸೂಚಿಯೂ ಧರಿಸುವ ಸಾಧನಗಳನ್ನು ಇಂಥ ದೊಡ್ಡ ಸೆಳೆತಗಳ ಪತ್ತೆಗಾಗಿಯೇ ಶಿಫಾರಸು ಮಾಡಿತ್ತು; ಉಳಿದ ಬಗೆಯ ಮೂರ್ಛೆಗಳಿಗೆ ಮಾಡಿರಲಿಲ್ಲ. ಅಪಸ್ಮಾರವಿರುವ ವಯಸ್ಕರಲ್ಲಿ ವರ್ಷಕ್ಕೆ ಸುಮಾರು 1,000ಕ್ಕೆ ಒಬ್ಬರು ಬೇರೆ ಕಾರಣವೇ ಕಾಣದೆ ಹಠಾತ್ತನೆ ಸಾಯುತ್ತಾರೆ. ಆ ಅಪಾಯ ದೊಡ್ಡ ಸೆಳೆತಗಳು ಪದೇಪದೇ ಬರುವವರಲ್ಲಿ, ಅದರಲ್ಲೂ ರಾತ್ರಿ ಒಬ್ಬರೇ ಮಲಗುವವರಲ್ಲಿ ಹೆಚ್ಚು. ಅಂಥವರಿಗೆ ಈ ಅಲಾರಂ ಒಂದೇ ಸಾಕು, ಬ್ಯಾಂಡ್ ಕೊಳ್ಳಲು ಬೇರೆ ಕಾರಣ ಬೇಕಿಲ್ಲ.

ಆದರೆ ಟೆಂಪೊರಲ್ ಲೋಬಿನ ಮೂರ್ಛೆ ಸಾಮಾನ್ಯವಾಗಿ ಹೀಗೆ ಶುರುವಾಗುವುದಿಲ್ಲ. ಹೊಟ್ಟೆಯೊಳಗಿಂದ ಏನೋ ಗಂಟಲಿನತ್ತ ಏರಿಬಂದಂತಾಗುತ್ತದೆ. ಕಾರಣವಿಲ್ಲದ ಭಯ ಕವಿಯುತ್ತದೆ. ಈ ಕ್ಷಣ, ಈ ಮಾತು, ಈ ಬೆಳಕು ಎಲ್ಲವೂ ಹಿಂದೊಮ್ಮೆ ಹೀಗೆಯೇ ನಡೆದುಹೋಗಿದೆ ಎಂಬ ಗಾಢವಾದ ಅನಿಸಿಕೆ ಮೂಡುತ್ತದೆ. ಕೆಲವರಿಗೆ ಸುತ್ತ ಯಾರಿಗೂ ಬಾರದ ಸುಟ್ಟ ವಾಸನೆ ಬರುತ್ತದೆ. ಇದನ್ನು ಔರಾ ಎನ್ನುತ್ತಾರೆ. ಬರಲಿರುವ ಮೂರ್ಛೆಯ ಮುನ್ಸೂಚನೆ ಎಂದು ನಾವು ಅದನ್ನು ಕರೆದರೂ, ವೈದ್ಯಶಾಸ್ತ್ರದ ಪ್ರಕಾರ ಔರಾ ಎಂಬುದೇ ಎಚ್ಚರವಿದ್ದಾಗ ನಡೆಯುವ ಒಂದು ಚಿಕ್ಕ ಮೂರ್ಛೆ. ಅದು ಅಲ್ಲಿಗೇ ನಿಲ್ಲಬಹುದು, ಇಲ್ಲವೇ ಹರಡಿ ಪ್ರಜ್ಞೆಯನ್ನು ಮಬ್ಬಾಗಿಸಬಹುದು. ಆಗ ಬಾಯಿ ಚಪ್ಪರಿಸುವುದು, ಬಟ್ಟೆಯ ಅಂಚನ್ನು ಬೆರಳಿನಿಂದ ತಡಕಾಡುವುದು ಮುಂತಾದವು ತಮಗೆ ತಾವೇ ನಡೆಯುತ್ತವೆ. ನೋಡಿದವರಿಗೆ ಅದು ಫಿಟ್ಸ್ ಎಂದೇ ಅನಿಸುವುದಿಲ್ಲ.

ಇದಾವುದನ್ನೂ ಬ್ಯಾಂಡ್ ಗುರುತಿಸುವುದಿಲ್ಲ, ಹಾಗೆಂದು ಅದನ್ನು ದೂರುವುದು ನ್ಯಾಯವೂ ಅಲ್ಲ. ತಡಕಾಡುವ ಕೈಯ ಚಲನೆ ದಿನನಿತ್ಯದ ಚಲನೆಗಿಂತ ಬೇರೆಯಲ್ಲ. ಟೆಂಪೊರಲ್ ಲೋಬಿನ ಮೂರ್ಛೆಯಲ್ಲಿ ಎದೆಬಡಿತ ಏರುವುದುಂಟು, ಆದರೆ ಮೆಟ್ಟಿಲು ಹತ್ತಿದರೂ ಏರುತ್ತದೆ. ಔರಾ ಹುಟ್ಟುವ ಜಾಗ ಮಿದುಳಿನ ಎಷ್ಟು ಆಳದಲ್ಲಿರುತ್ತದೆಯೆಂದರೆ ತಲೆಯ ಮೇಲೆ ಎಲೆಕ್ಟ್ರೋಡ್ ಅಂಟಿಸಿ ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ಅಳೆಯುವ ಇಇಜಿಯಲ್ಲೇ ಬಹಳ ಸಲ ಅದರ ಸುಳಿವು ಸಿಗುವುದಿಲ್ಲ. ಇನ್ನು ಮಣಿಕಟ್ಟಿನಲ್ಲಿ ಸಿಗುವುದೆಲ್ಲಿಂದ ಬಂತು? ಆದ್ದರಿಂದ ಔರಾಕ್ಕೆ ಸಾಕ್ಷಿ ಅದನ್ನು ಅನುಭವಿಸಿದವರೊಬ್ಬರೇ. ಅವರ ನೆನಪೂ ಆಮೇಲೆ ಕೈಕೊಡಬಹುದು, ಏಕೆಂದರೆ ನೆನಪನ್ನು ಕಟ್ಟುವ ಹಿಪೊಕ್ಯಾಂಪಸ್ ಇರುವುದೂ ಇದೇ ಲೋಬಿನಲ್ಲಿ.

ಬಟನ್ನಿನ ಬೆಲೆ ತಿಳಿಯುವುದು ಇಲ್ಲಿಯೇ. ಹೊಟ್ಟೆಯೊಳಗಿನ ಆ ಏರಿಕೆ ಶುರುವಾದೊಡನೆ ಬಲಗೈಯ ಹೆಬ್ಬೆರಳಿನಿಂದ ಎಡ ಮಣಿಕಟ್ಟನ್ನು ಸವರಿ, ಉಬ್ಬಿದ ಅಂಚನ್ನು ಹುಡುಕಿ, ಒಮ್ಮೆ ಒತ್ತುತ್ತೇನೆ. ಬ್ಯಾಂಡ್ ಒಂದು ಸಲ ಮೃದುವಾಗಿ ಕಂಪಿಸಿ, ದಾಖಲಾಯಿತೆಂದು ತಿಳಿಸುತ್ತದೆ. ಮೊಬೈಲ್ ತೆಗೆಯಬೇಕಾಗಿಲ್ಲ, ಎದುರಿಗಿರುವವರಿಗೆ ವಿವರಿಸಬೇಕಾಗಿಲ್ಲ, ಮಾತು ತಡವರಿಸುವ ಹೊತ್ತಿನಲ್ಲಿ ಬಾಯಿ ತೆರೆಯಬೇಕಾಗಿಯೂ ಇಲ್ಲ. ಔರಾ ಬಹುತೇಕ ಕೆಲವು ಸೆಕೆಂಡುಗಳಿಂದ ಒಂದೆರಡು ನಿಮಿಷಗಳಲ್ಲಿ ಮುಗಿಯುತ್ತದೆ. ಆ ಅವಧಿಯಲ್ಲಿ ಒಲೆಯಿಂದ ದೂರ ಸರಿಯುವುದು, ರಸ್ತೆಯಂಚಿನಿಂದ ಹಿಂದೆ ಬರುವುದು, ನೆಲದ ಮೇಲೆ ಕೂರುವುದು ಮೊದಲ ಕೆಲಸ; ಅದಕ್ಕೆ ಅಡ್ಡಿಯಾಗದೆ ನಡೆಯುವ ದಾಖಲೆ ಇದೊಂದೇ.

ಹೀಗೆ ಕೂಡಿಬಂದ ದಾಖಲೆಯನ್ನು ನರರೋಗ ತಜ್ಞರ ಮುಂದಿಟ್ಟಾಗ ಅವರು ಕೇಳುವ ಪ್ರಶ್ನೆಗಳೇ ಬೇರೆಯಾಗುತ್ತವೆ. ಔರಾಗಳು ಬೆಳಗಿನ ಮಾತ್ರೆಯ ಹೊತ್ತಿಗೆ ಮುಂಚೆ ಗುಂಪಾಗಿ ಬರುತ್ತಿವೆಯೇ, ನಿದ್ದೆಗೆಟ್ಟ ರಾತ್ರಿಗಳ ಮರುದಿನ ಬರುತ್ತಿವೆಯೇ, ಮುಟ್ಟಿನ ದಿನಗಳಿಗೆ ಹತ್ತಿರವಿವೆಯೇ ಎಂಬುದು ಪಟ್ಟಿಯಲ್ಲೇ ತಿಳಿಯುತ್ತದೆ. ದೊಡ್ಡ ಫಿಟ್ಸ್ ನಿಂತಿದೆ ಎಂಬ ಒಂದೇ ಕಾರಣಕ್ಕೆ ಕಾಯಿಲೆ ಹತೋಟಿಯಲ್ಲಿದೆ ಎಂದು ಬರೆದುಬಿಡುವುದಕ್ಕೂ, ಔರಾ ವಾರವಾರವೂ ಬರುತ್ತಿದೆ ಎಂದು ತಿಳಿದು ಔಷಧವನ್ನು ಮರುಪರಿಶೀಲಿಸುವುದಕ್ಕೂ ಬಹಳ ಅಂತರವಿದೆ. ಸರಿಯಾಗಿ ಆರಿಸಿದ ಎರಡು ಔಷಧಗಳು ಫಲ ಕೊಡದಿದ್ದರೆ ಶಸ್ತ್ರಚಿಕಿತ್ಸೆಯ ಸಾಧ್ಯತೆಯನ್ನು ಪರಿಶೀಲಿಸಬೇಕು ಎಂಬುದು ಇಂದು ಒಪ್ಪಿತವಾದ ಕ್ರಮ. ಆ ತೀರ್ಮಾನಕ್ಕೂ ಇಂಥ ಲೆಕ್ಕವೇ ಆಧಾರ. ಭಯದ ಔರಾವನ್ನು ಪ್ಯಾನಿಕ್ ಅಟ್ಯಾಕ್ ಎಂದು ತಿಳಿದು ಬೇರೆ ಚಿಕಿತ್ಸೆಗೆ ಅಲೆಯುವವರಿಗಂತೂ, ಪ್ರತಿ ಸಲವೂ ಒಂದೇ ರೀತಿ ಬಂದು ಬೇಗ ಮುಗಿಯುವ ಘಟನೆಗಳ ದಾಖಲೆ ದಾರಿ ತೋರಿಸಬಲ್ಲದು.

ಇಷ್ಟೊಳ್ಳೆಯ ಬಟನ್ನಿನ ಬೆನ್ನಿಗಿರುವ ಆ್ಯಪ್ ಮಾತ್ರ ನಿರಾಸೆ ತರುತ್ತದೆ. ಒತ್ತಿದ ಮರುಕ್ಷಣವೇ ಮೊಬೈಲ್ ಪರದೆಯ ಮೇಲೆ ಒಂದು ಪ್ರಶ್ನಾವಳಿ ತೆರೆದುಕೊಂಡು, ಯಾವ ಬಗೆಯ ಮೂರ್ಛೆ, ಎಷ್ಟು ಹೊತ್ತು, ಕಾರಣವೇನು ಎಂದು ಕೇಳುತ್ತದೆ. ತಲೆ ಮಬ್ಬಾಗಿ ಪರಿಚಿತ ಪದಗಳೇ ಹೊಳೆಯದಿರುವಾಗ ಇದನ್ನು ತುಂಬಲು ಯಾರಿಂದಲೂ ಆಗದು. ಒಂದು ಗಂಟೆ ಬಿಟ್ಟು ಕೇಳಿದರೆ ಸಾಕಿತ್ತು. ಪಟ್ಟಿಯಲ್ಲಿ ಸೆಳೆತದ ಬಗೆಗಳಿಗೆ ಹಲವು ಆಯ್ಕೆಗಳಿದ್ದು, ಔರಾಗಳೆಲ್ಲವನ್ನೂ ‘ಇತರೆ’ ಎಂಬ ಒಂದೇ ಮನೆಗೆ ತಳ್ಳಿರುವುದು, ಇದನ್ನು ರೂಪಿಸಿದವರು ನಮ್ಮನ್ನು ಕೇಳಿಲ್ಲ ಎಂಬುದನ್ನೇ ತೋರಿಸುತ್ತದೆ.

ಹಲ್ಲುಜ್ಜುವಾಗ, ಚಪ್ಪಾಳೆ ತಟ್ಟುವಾಗ ಸುಳ್ಳು ಅಲಾರಂ ಏಳುವುದುಂಟು. ರದ್ದು ಮಾಡುವುದು ಸುಲಭವಾದ್ದರಿಂದ ನನಗೆ ಅದು ದೊಡ್ಡ ತೊಂದರೆಯಲ್ಲ. ಮನೆಯವರಿಗೆ ಮಾತ್ರ ಮೊದಲೇ ತಿಳಿಸಿರಬೇಕು. ಅಲಾರಂ ನಿಜವಾದಾಗ ಮಗ್ಗುಲಿಗೆ ಹೊರಳಿಸುವುದು, ಬಾಯಿಗೆ ಏನನ್ನೂ ಹಾಕದಿರುವುದು, 5 ನಿಮಿಷ ಮೀರಿದರೆ ಆಂಬ್ಯುಲೆನ್ಸ್ ಕರೆಯುವುದು ಅವರಿಗೆ ಗೊತ್ತಿಲ್ಲದಿದ್ದರೆ ಯಾವ ಬ್ಯಾಂಡೂ ಪ್ರಯೋಜನಕ್ಕೆ ಬಾರದು. ಚಾರ್ಜಿಂಗನ್ನು ಹಗಲು ಜೊತೆಗೆ ಯಾರಾದರೂ ಇರುವ ಹೊತ್ತಿನಲ್ಲಿ ಮುಗಿಸಿಕೊಂಡು ಮಲಗುವಾಗ ತಪ್ಪದೆ ಕಟ್ಟಿಕೊಳ್ಳಬೇಕು.

ಕೊಳ್ಳುವವರು ಹಣ ಕೊಡುವ ಮುನ್ನ ಬ್ಯಾಂಡನ್ನು ಕೈಗೆ ಕಟ್ಟಿ, ಕಣ್ಣು ಮುಚ್ಚಿ, ಬಟನ್ ಬೆರಳಿಗೆ ಸಿಗುತ್ತದೆಯೇ, ಒತ್ತಿದ್ದು ಚರ್ಮಕ್ಕೆ ತಿಳಿಯುತ್ತದೆಯೇ ಎಂದು ನೋಡಲಿ. ಪರದೆಯ ಮೇಲೆ ಬೆರಳಾಡಿಸಿಯೇ ದಾಖಲಿಸಬೇಕಾದ ಮಾದರಿಗಳನ್ನು, ಅವುಗಳ ಸೆನ್ಸರ್ ಎಷ್ಟೇ ಉತ್ತಮವಾಗಿದ್ದರೂ, ಔರಾ ಇರುವವರಿಗೆ ನಾನು ಹೇಳುವುದಿಲ್ಲ.