420 ನ್ಯಾನೋಮೀಟರ್ ಕಟ್ ಫಿಲ್ಟರ್: ಊದಿಕೊಂಡ ನೀಲಿ ನಕ್ಷತ್ರಗಳಿಗೆ ನಿಜಕ್ಕೂ ಮದ್ದಾ?

ಕ್ಯಾಮೆರಾ ಲೆನ್ಸ್ ಹಾಕಿ ಆಕಾಶದ ಫೋಟೋ ತೆಗೆಯುವವರಿಗೆಲ್ಲ ಈ ಕಾಟ ಗೊತ್ತು. ಫೋಕಸ್ ಸರಿ ಇದೆ, ಟ್ರ್ಯಾಕಿಂಗ್ ಸರಿ ಇದೆ. ಆದರೂ ಸ್ಟ್ಯಾಕ್ ಮಾಡಿ (ಹಲವು ಫೋಟೋ ಒಂದರ ಮೇಲೊಂದು ಸೇರಿಸಿ) ಸ್ಟ್ರೆಚ್ ಮಾಡಿದ (ಮಸುಕು ಭಾಗ ಎದ್ದು ಕಾಣಿಸಿದ) ತಕ್ಷಣ ಬಿಸಿ ನಕ್ಷತ್ರಗಳ ಸುತ್ತ ನೀಲಿ-ನೇರಳೆ ಬಳೆ, ಅಂದರೆ ಹಾಲೋ, ಎದ್ದು ಬರುತ್ತದೆ. ಓರಿಯನ್ ಪಟ್ಟಿಯ ಮೂರು ನಕ್ಷತ್ರಗಳನ್ನೇ ನೋಡಿ. ಬರಿಗಣ್ಣಿಗೆ ಅದೇ ಓರಿಯನ್‌ನ ಕೆಂಪು ನಕ್ಷತ್ರ ಆರ್ದ್ರಾ ಅವಕ್ಕಿಂತ ಹೊಳಪು. ಫೋಟೋದಲ್ಲಿ ಮಾತ್ರ ಆರ್ದ್ರಾ ಚೊಕ್ಕ ಚುಕ್ಕಿ, ಪಟ್ಟಿಯ ಮೂರೂ ಊದಿಕೊಂಡ ನೀಲಿ ಉಂಡೆಗಳು.

ಇದಕ್ಕೆಂದೇ ಕೊಂಡ 420 ನ್ಯಾನೋಮೀಟರ್ ಕಟ್ ಫಿಲ್ಟರ್ ಈಗ ವರ್ಷಗಳಿಂದ ನನ್ನ 135 ಎಂಎಂ ಎಫ್/2 ಲೆನ್ಸಿನ ಹಿಂದೆ ಇದೆ. ಸೆನ್ಸರ್ ಮುಂದೆ ಕ್ಲಿಪ್ ಆಗಿ ಕೂರುವ ತೆಳು ಗಾಜು. ಬೆಳಕಿನ ಬಣ್ಣವನ್ನು ಅದರ ಅಲೆಯುದ್ದದಿಂದ, ನ್ಯಾನೋಮೀಟರ್‌ನಲ್ಲಿ ಅಳೆಯುತ್ತಾರೆ; ಈ ಗಾಜು ಸುಮಾರು 420ರ ಕೆಳಗಿನ (ನೇರಳೆ ಕಡೆಯ) ಬೆಳಕನ್ನೂ 680ರ ಮೇಲಿನ (ಕಡುಗೆಂಪು ಕಡೆಯ) ಬೆಳಕನ್ನೂ ತಡೆಯುತ್ತದೆ. ಬ್ರ್ಯಾಂಡ್ ಹೆಸರು ಹೇಳುತ್ತಿಲ್ಲ, ಯಾಕೆಂದರೆ ಇಲ್ಲಿ ಹೇಳುವ ಗುಣವೂ ದೋಷವೂ ಬಹುಮಟ್ಟಿಗೆ ಈ ಜಾತಿಯ ಎಲ್ಲ ಫಿಲ್ಟರ್‌ಗಳಿಗೂ ಅನ್ವಯಿಸುತ್ತವೆ.

ಮೊದಲು ಉಬ್ಬು ಬರುವುದು ಯಾಕೆ ಅಂತ ನೋಡೋಣ. ಅದು ಗೊತ್ತಾಗದೆ ಫಿಲ್ಟರ್ ಕೊಂಡರೆ ಸುಮ್ನೆ ದುಡ್ಡು ದಂಡ. ಗಾಜು ಪ್ರತಿಯೊಂದು ಬಣ್ಣವನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಬಾಗಿಸುತ್ತದೆ. ಲೆನ್ಸ್ ವಿನ್ಯಾಸ ಮಾಡುವವರು ಹಿಂದಿನಿಂದಲೂ ಮುಖ್ಯವಾಗಿ ಲೆಕ್ಕಕ್ಕೆ ಹಿಡಿಯುವುದು 486, 588 ಮತ್ತು 656 ನ್ಯಾನೋಮೀಟರ್ ಬೆಳಕನ್ನು. ಇವು ಹೆಚ್ಚುಕಡಿಮೆ ಒಂದೇ ಜಾಗದಲ್ಲಿ ಕೂಡುವ ಹಾಗೆ ಗಾಜುಗಳನ್ನು ಜೋಡಿಸುತ್ತಾರೆ. 430ರ ಕೆಳಗೆ ಇಳಿದ ಹಾಗೆ ಬೆಳಕು ಫೋಕಸ್‌ನಿಂದ ಬೇಗ ಬೇಗ ದೂರ ಸರಿಯುತ್ತದೆ. ಹಗಲಿನ ಫೋಟೋದಲ್ಲಿ ಇದು ಅಷ್ಟಾಗಿ ಕಾಣುವುದಿಲ್ಲ. ರಾತ್ರಿ ಆಕಾಶದಲ್ಲಿ ಹಾಗಲ್ಲ. ಕಪ್ಪು ಹಿನ್ನೆಲೆ, ಅದರ ಮೇಲೆ ಚೂಪಾದ ಬಿಳಿ ಚುಕ್ಕಿ, ಸಾಲದ್ದಕ್ಕೆ ನಾವು ಮಾಡುವ ಸ್ಟ್ರೆಚ್. ಮಸುಕಾದ ನೇರಳೆ ಹಾಲೋ ಕೂಡ ಅದರಲ್ಲಿ ಹತ್ತಾರು ಪಟ್ಟು ಎದ್ದು ಬರುತ್ತದೆ. ಕ್ಯಾಮೆರಾದ ಮೂಲ ಫಿಲ್ಟರ್ ತೆಗೆಸಿ ಮಾಡಿಫೈ ಮಾಡಿಸಿದ್ದರೆ 400ರ ಕೆಳಗಿನ ಬೆಳಕೂ ಒಳಗೆ ನುಗ್ಗಿ ಕಷ್ಟ ದುಪ್ಪಟ್ಟಾಗುತ್ತದೆ.

ಫಿಲ್ಟರ್ ಮಾಡುವುದು ಸರಳ ಕೆಲಸ. ಲೆನ್ಸಿಗೆ ಫೋಕಸ್ ಮಾಡಲು ಬಾರದ ಬೆಳಕನ್ನು ಸೆನ್ಸರ್‌ಗೆ ಮುಟ್ಟಲು ಬಿಡುವುದಿಲ್ಲ. ಪರಿಣಾಮ ಮೊದಲ ಫ್ರೇಮಿನಲ್ಲೇ ಕಾಣುತ್ತದೆ. ಹಾಲೋ ಪೂರ್ತಿ ಮಾಯವಾಗುವುದಿಲ್ಲ. ಆದರೆ ದಪ್ಪ ನೇರಳೆ ಬಳೆ ಹೋಗಿ ತೆಳು ನೀಲಿ ಅಂಚು ಉಳಿಯುತ್ತದೆ. ಫೋಟೋದ ಕೆಂಪು, ಹಸಿರು, ನೀಲಿ ಚಾನೆಲ್‌ಗಳನ್ನು ಬೇರೆ ಮಾಡಿ ನೋಡಿದರೆ, ಮೊದಲು ಹಸಿರಿಗಿಂತ ಢಾಳಾಗಿ ಅಗಲವಿದ್ದ ನೀಲಿ ನಕ್ಷತ್ರಗಳು ಈಗ ಹತ್ತಿರ ಹತ್ತಿರ ಅದೇ ಗಾತ್ರಕ್ಕೆ ಬಂದಿರುತ್ತವೆ.

"ಇದನ್ನೆಲ್ಲ ಸಾಫ್ಟ್‌ವೇರ್‌ನಲ್ಲೇ ಮಾಡಬಹುದಲ್ವಾ?" ಅಂತ ತುಂಬ ಜನ ಕೇಳುತ್ತಾರೆ. ಒಂದು ಮಟ್ಟಕ್ಕೆ ಮಾಡಬಹುದು. ಆಕಾಶದ ಫೋಟೋ ತಿದ್ದುವ ಸಿರಿಲ್ ಎಂಬ ಸಾಫ್ಟ್‌ವೇರ್‌ನಲ್ಲಿ ನೇರಳೆ ಅಂಚು ತೆಗೆಯುವುದಕ್ಕೇ ಒಂದು ಟೂಲ್ ಇದೆ. ಪಿಕ್ಸ್‌ಇನ್‌ಸೈಟ್ ಎಂಬ ಇನ್ನೊಂದು ಸಾಫ್ಟ್‌ವೇರ್ ಇಟ್ಟುಕೊಂಡವರು ಅದರೊಳಗೆ ಬ್ಲರ್‌ಎಕ್ಸ್‌ಟರ್ಮಿನೇಟರ್ ಎಂಬ ಪ್ಲಗಿನ್ ಬಳಸುತ್ತಾರೆ, ಅದು ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಕೃತ್ತಿಕೆಯ ಫೋಟೋ ಇಟ್ಟುಕೊಂಡು ನೋಡಿ. ಅಲ್ಲಿನ ನಕ್ಷತ್ರಗಳು ನೀಲಿ. ಸುತ್ತಲಿನ ಧೂಳು ಆ ನಕ್ಷತ್ರಗಳ ಬೆಳಕನ್ನೇ ಚೆದುರಿಸುವುದರಿಂದ ಅದೂ ನೀಲಿ. ಇದರ ಮೇಲೆ ಲೆನ್ಸ್ ಕೊಟ್ಟ ಹಾಲೋ, ಅದೂ ನೀಲಿ. ಯಾವುದು ಆಕಾಶದ್ದು, ಯಾವುದು ಲೆನ್ಸಿನದ್ದು ಅಂತ ಸಾಫ್ಟ್‌ವೇರ್ ಊಹೆ ಮಾಡಬೇಕಾಗುತ್ತದೆ. ನೀಲಿ ಬಣ್ಣವನ್ನೇ ತಗ್ಗಿಸಿದರೆ ನಿಜವಾದ ಧೂಳಿನ ಎಳೆಗಳೂ ಬೂದು ಬಣ್ಣಕ್ಕೆ ತಿರುಗುತ್ತವೆ. ನಕ್ಷತ್ರಗಳನ್ನು ಬೇರೆ ಮಾಡುವ ಟೂಲ್ ಹಾಕಿದರೆ ದೊಡ್ಡ ಹಾಲೋದ ಅರ್ಧ ಭಾಗ ನೆಬ್ಯುಲಾ (ಅನಿಲ-ಧೂಳಿನ ಮೋಡ) ಚಿತ್ರದಲ್ಲೇ ಉಳಿದುಬಿಡುತ್ತದೆ. ಹಾಗಾಗಿ ನನ್ನ ಅಭಿಪ್ರಾಯ ಗಟ್ಟಿ: ಮೊದಲು ಕಸ ಒಳಗೆ ಬರದ ಹಾಗೆ ನೋಡಿಕೊಳ್ಳಿ, ಸಾಫ್ಟ್‌ವೇರ್ ಕೊನೆಯ ಒಪ್ಪಕ್ಕೆ ಇರಲಿ.

ಫಿಲ್ಟರ್ ಒಂದರಿಂದಲೇ ಎಲ್ಲ ಆಗುವುದಿಲ್ಲ. ಎಫ್/2ರಲ್ಲಿ, ಅಂದರೆ ಲೆನ್ಸ್ ಪೂರ್ತಿ ತೆರೆದಾಗ, 420 ಮತ್ತು 450ರ ನಡುವಿನ ಬೆಳಕು ಇನ್ನೂ ಸ್ವಲ್ಪ ಹರಡುತ್ತದೆ. ಅದಕ್ಕೆ ಲೆನ್ಸ್ ಕಿರಿದು ಮಾಡಬೇಕು. ಆದರೆ ಲೆನ್ಸಿನ ಅಪರ್ಚರ್ (ಬೆಳಕು ಬರುವ ತೆರಪು) ತಿರುಗಿಸಿ ಕಿರಿದು ಮಾಡಿದರೆ ಅದರ 9 ಎಲೆಗಳಿಂದ ಪ್ರತಿ ದೊಡ್ಡ ನಕ್ಷತ್ರಕ್ಕೂ 18 ಕಿರಣಗಳು ಹುಟ್ಟುತ್ತವೆ. ನಾನು ಮಾಡುವುದು ಹೀಗೆ: ಅಪರ್ಚರ್ ಪೂರ್ತಿ ತೆರೆದಿಟ್ಟು, ಲೆನ್ಸಿನ ಮುಂದೆ ಸ್ಟೆಪ್ ಡೌನ್ ರಿಂಗ್ ತಿರುಪುತ್ತೇನೆ. ಎಫ್/2ರಲ್ಲಿ ಈ ಲೆನ್ಸಿನ ತೆರಪು 67.5 ಎಂಎಂ. ರಿಂಗಿನ ಒಳಗಿನ ತೂತು ಸುಮಾರು 48 ಎಂಎಂ ಇದ್ದರೆ ಎಫ್/2.8 ಆಗುತ್ತದೆ. ತೂತು ದುಂಡಗಿರುವುದರಿಂದ ನಕ್ಷತ್ರವೂ ದುಂಡಗೆ ಬರುತ್ತದೆ, ಕಿರಣ ಇಲ್ಲ. ಬೆಳಕು ಅರ್ಧ ಆಗುತ್ತದೆ ನಿಜ, ಎಕ್ಸ್‌ಪೋಶರ್ ಹೆಚ್ಚು ಹೊತ್ತು ಕೊಟ್ಟರಾಯಿತು. ಫಿಲ್ಟರ್ ಮತ್ತು ಈ ರಿಂಗ್, ಎರಡೂ ಸೇರಿದಾಗಲೇ ನನಗೆ ಪೂರ್ತಿ ಸಮಾಧಾನ ಸಿಕ್ಕಿದ್ದು.

ಫೋಕಸ್ ಬಗ್ಗೆಯೂ ಹೇಳಲೇಬೇಕು. ಬಾಹ್ಟಿನೋವ್ ಮಾಸ್ಕ್ (ಫೋಕಸ್ ನೋಡಲು ಲೆನ್ಸಿನ ಮುಂದೆ ಇಡುವ ಸೀಳುಗಳ ಫಲಕ, ನಕ್ಷತ್ರದ ಮೇಲೆ ಮೂರು ಗೆರೆ ಮೂಡಿಸುತ್ತದೆ) ಹಾಕಿ ಲೈವ್ ವ್ಯೂ ಪೂರ್ತಿ ಝೂಮ್ ಮಾಡಿ. ಫಿಲ್ಟರ್ ಇಲ್ಲದಾಗ ನಡುಗೆರೆಯ ಒಂದು ಬದಿಗೆ ನೇರಳೆ ಬಣ್ಣ ಚೆಲ್ಲಿದ ಹಾಗೆ ಕಾಣುತ್ತದೆ, ಗೆರೆ ಎಲ್ಲಿ ಮುಗಿಯಿತು ಅಂತಲೇ ಹೇಳಲಾಗುವುದಿಲ್ಲ. ಫಿಲ್ಟರ್ ಹಾಕಿದ ಮೇಲೆ ಗೆರೆ ಸಪೂರ. ಆಮೇಲೆ ಮಾಸ್ಕ್ ತೆಗೆದು, ಫ್ರೇಮಿನ ನಡುವಿನಿಂದ ಮೂಲೆಯ ಕಡೆ ಅರ್ಧ ದಾರಿಯಲ್ಲಿರುವ ಒಂದು ನಕ್ಷತ್ರ ಹಿಡಿದುಕೊಳ್ಳಿ. ಫೋಕಸ್ ರಿಂಗನ್ನು ಕೂದಲೆಳೆಯಷ್ಟು ಆಚೆ ಈಚೆ ತಿರುಗಿಸಿದರೆ ಒಂದು ಕಡೆ ಅಂಚು ನೀಲಿಯಾಗುತ್ತದೆ, ಇನ್ನೊಂದು ಕಡೆ ಕೆಂಪಾಗುತ್ತದೆ. ನೀಲಿ ಆಗಷ್ಟೇ ಕರಗಿ ಕೆಂಪು ಇನ್ನೂ ಶುರುವಾಗದ ಜಾಗದಲ್ಲಿ ನಿಲ್ಲಿಸಿ. ರಾತ್ರಿ ತಣ್ಣಗಾದ ಹಾಗೆ ಫೋಕಸ್ ಜರುಗುತ್ತದೆ, ಆದ್ದರಿಂದ ನಡುನಡುವೆ ಮತ್ತೆ ನೋಡುತ್ತಿರಬೇಕು.

ಇನ್ನು ತೊಂದರೆಗಳು. ಕ್ಲಿಪ್ ಫಿಲ್ಟರ್ 1 ಎಂಎಂ ದಪ್ಪ ಇದ್ದರೆ ಫೋಕಸ್ ಜಾಗ ಸುಮಾರು 0.33 ಎಂಎಂ ಹಿಂದಕ್ಕೆ ಹೋಗುತ್ತದೆ. ಅದನ್ನು ಹಿಡಿಯಲು ಫೋಕಸ್ ರಿಂಗ್ ಇನ್ಫಿನಿಟಿ ಗುರುತನ್ನೂ ದಾಟಿ ತಿರುಗಬೇಕು. ಇನ್ಫಿನಿಟಿಯಲ್ಲೇ ಗಟ್ಟಿಯಾಗಿ ನಿಂತುಬಿಡುವ ಹಳೆಯ ಲೆನ್ಸ್‌ಗಳಲ್ಲಿ ನಕ್ಷತ್ರ ಫೋಕಸ್ ಆಗುವುದೇ ಇಲ್ಲ, ಕೊಳ್ಳುವ ಮುಂಚೆ ಇದನ್ನು ಪರೀಕ್ಷಿಸಿ. ಫಿಲ್ಟರ್ ಸೆನ್ಸರ್‌ಗೆ ಹತ್ತಿರ ಇರುವುದರಿಂದ ಅದರ ಮೇಲಿನ ಧೂಳು ಚಿತ್ರದಲ್ಲಿ ಕಲೆಯಾಗಿ ಕಾಣುತ್ತದೆ. ಇಂಥ ಕಲೆಗಳನ್ನು ಆಮೇಲೆ ಅಳಿಸಲು ಸಮ ಬೆಳಕಿನಲ್ಲಿ ತೆಗೆಯುವ ಫ್ಲ್ಯಾಟ್ ಫ್ರೇಮ್ ತೆಗೆಯುವಾಗ ಫಿಲ್ಟರ್ ತೆಗೆಯಬೇಡಿ, ಅಲುಗಿಸಲೂಬೇಡಿ. ಲುಬ್ಧಕದಂಥ ತೀರಾ ಹೊಳೆಯುವ ನಕ್ಷತ್ರ ಫ್ರೇಮಿನಲ್ಲಿದ್ದರೆ ಗಾಜಿನ ಪ್ರತಿಫಲನದಿಂದ ಒಂದು ಮಸುಕು ವೃತ್ತ ಬರುತ್ತದೆ. ಅದಕ್ಕೆ ನನ್ನ ಹತ್ತಿರ ಒಳ್ಳೆಯ ಪರಿಹಾರ ಇಲ್ಲ.

ಬಣ್ಣದ ಚಿಂತೆ ಬೇಡ. ಪ್ರಿವ್ಯೂ ಸ್ವಲ್ಪ ಹಳದಿಯಾಗಿ ಕಾಣುತ್ತದೆ, ಕಲರ್ ಕ್ಯಾಲಿಬ್ರೇಶನ್ ಮಾಡಿದರೆ ಸರಿಹೋಗುತ್ತದೆ. ನೆಬ್ಯುಲಾಗಳಿಂದ ಬರುವ ಮುಖ್ಯ ಬೆಳಕುಗಳಲ್ಲಿ ಹೈಡ್ರೋಜನ್ ಆಲ್ಫಾ (ಹೈಡ್ರೋಜನ್‌ನ ಕೆಂಪು ಬೆಳಕು) 656.3ರಲ್ಲಿದೆ, ಆಕ್ಸಿಜನ್‌ನದ್ದು 500.7ರಲ್ಲಿದೆ. ಎರಡೂ ಫಿಲ್ಟರ್ ದಾಟಿ ಆರಾಮಾಗಿ ಬರುತ್ತವೆ. ಕೃತ್ತಿಕೆಯಂಥ ನೀಲಿ ಧೂಳಿಗೆ ಮಾತ್ರ ಸ್ವಲ್ಪ ಬೆಳಕು ನಷ್ಟ. ಆ ನಷ್ಟವನ್ನು ನಾನು ಖುಷಿಯಿಂದ ಒಪ್ಪುತ್ತೇನೆ, ಉಳಿದ ಧೂಳು ಅಷ್ಟು ಚೆನ್ನಾಗಿ ಕಾಣುತ್ತದೆ.

24 ಎಂಎಂನಂಥ ಅಗಲ ಲೆನ್ಸ್ ಇರುವವರಿಗೆ ನಾನು ಇದನ್ನು ಹೇಳುವುದಿಲ್ಲ. ಹಿಂದೆ ಹಾಕಿದರೆ ಮೂಲೆಯ ನಕ್ಷತ್ರಗಳು ಉದ್ದಕ್ಕೆ ಎಳೆದುಕೊಳ್ಳುತ್ತವೆ. ಮುಂದೆ ಹಾಕಿದರೆ ಬೇರೆ ತಾಪತ್ರಯ. ಇದು ಲೇಪನದಿಂದ ಕೆಲಸ ಮಾಡುವ ಫಿಲ್ಟರ್, ಬೆಳಕು ಓರೆಯಾಗಿ ಬಿದ್ದಷ್ಟೂ ಅದರ ಗಡಿ ನೇರಳೆಯ ಕಡೆಗೆ ಸರಿಯುತ್ತದೆ. ಫುಲ್ ಫ್ರೇಮಿನಲ್ಲಿ 24 ಎಂಎಂ ಲೆನ್ಸಿನ ಮೂಲೆಯ ಬೆಳಕು 40 ಡಿಗ್ರಿಗೂ ಜಾಸ್ತಿ ಓರೆಯಲ್ಲಿ ಬರುತ್ತದೆ. ಅಲ್ಲಿ 420ರ ಗಡಿ 400ಕ್ಕೂ ಕೆಳಗೆ ಇಳಿದು, ನಡುವೆ ಹೋದ ಹಾಲೋ ಮೂಲೆಗಳಲ್ಲಿ ವಾಪಸ್ ಬರುತ್ತದೆ. ಅಂಥ ಲೆನ್ಸಿಗೆ ಗಾಜಿನಲ್ಲೇ ಬಣ್ಣ ಬೆರೆತ ತಿಳಿಹಳದಿ ಫಿಲ್ಟರ್ ಮುಂದೆ ಹಾಕುವುದು ಮೇಲು, ಅದರ ಗಡಿ ಓರೆ ಬೆಳಕಿಗೆ ಹೀಗೆ ಜಾರುವುದಿಲ್ಲ. ಮೋನೋ (ಕಪ್ಪು-ಬಿಳುಪು) ಕ್ಯಾಮೆರಾದಲ್ಲಿ ಬಣ್ಣದ ಫಿಲ್ಟರ್‌ಗಳನ್ನು ಒಂದೊಂದಾಗಿ ಹಾಕಿ ಪ್ರತಿ ಬಣ್ಣಕ್ಕೂ ಬೇರೆ ಫೋಕಸ್ ಮಾಡುವವರು ಮೊದಲು ನೀಲಿ ಫಿಲ್ಟರ್‌ನ ಕೆಳಗಿನ ಗಡಿ ಎಲ್ಲಿದೆ ಅಂತ ನೋಡಿಕೊಳ್ಳಿ. ಅದು 420ರ ಹತ್ತಿರವೇ ಇದ್ದರೆ ಈ ಗಾಜು ನಿಮಗೆ ಬೇಕಾಗುವುದಿಲ್ಲ.